ಸೋತವರ ವಹಿ

2016ರ ಜುಲೈ 10ರ ಭಾನುವಾರ ಪತ್ರಿಕೆಯ ಕ್ರೀಡಾಪುಟದಲ್ಲಿ, ಹಿಂದಿನ ದಿನ ವಿಂಬಲ್ಡನ್ ಗೆದ್ದಿದ್ದ ಸೆರೆನಾ ವಿಲಿಯಮ್ಸ್ ಅವರ ಚಿತ್ರ ಅರ್ಧ ಪುಟವನ್ನು ತುಂಬಿಕೊಂಡಿತ್ತು. ಉಳಿದರ್ಧದಲ್ಲಿ ಆ ರಾತ್ರಿ ನಡೆಯಲಿದ್ದ ಯುರೋ ಕಪ್ ಫುಟ್‌ಬಾಲ್ ಫೈನಲ್‌ನ ಲೆಕ್ಕಾಚಾರವಿತ್ತು. ಅದೆಲ್ಲದರ ಕೆಳಗೆ, ಪುಟದ ಮೂಲೆಯಲ್ಲಿ, ಜಾಗ ಉಳಿಯಿತೆಂದು ಸೇರಿಸಿದಂತಿದ್ದ ಮೂರು ಸಾಲಿನ ಸುದ್ದಿ: ಹೈದರಾಬಾದಿನಲ್ಲಿ ಮುಕ್ತಾಯವಾದ ಇಂಡಿಯನ್ ಓಪನ್ ರ‍್ಯಾಂಕಿಂಗ್ ಸ್ನೂಕರ್ ಟೂರ್ನಿಯ ಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಆಂಟನಿ ಮೆಕ್‌ಗಿಲ್ ಅವರು ಇಂಗ್ಲೆಂಡಿನ ಕೈರೆನ್ ವಿಲ್ಸನ್ ಅವರನ್ನು 5–2ರಿಂದ ಸೋಲಿಸಿದರು. ನಾನು ಆ ಮೂರು ಸಾಲನ್ನು ಓದಿ, ಚಹಾ ಆರುವಷ್ಟು ಹೊತ್ತು ಸುಮ್ಮನೆ ಕುಳಿತಿದ್ದೆ.

ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್. ಬೆಂಗಳೂರು ನಮಗೆ ಒಂದು ರಾತ್ರಿಯ ದೂರವಾದರೆ ಹೈದರಾಬಾದ್ ಒಂದು ಮುಂಜಾನೆಯ ದೂರ. ದೊಡ್ಡ ದವಾಖಾನೆಗೆಂದು, ಮದುವೆಯ ಜವಳಿಗೆಂದು, ಮಕ್ಕಳ ನೌಕರಿಯ ಪರೀಕ್ಷೆಗೆಂದು ನಾವು ಹೋಗಿ ಬರುವ ಊರು ಅದು. ಮುಂಜಾನೆ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ವಾಡಿ, ತಾಂಡೂರು, ವಿಕಾರಾಬಾದ್‌ಗಳನ್ನು ದಾಟಿ ಊಟದ ಹೊತ್ತಿಗೆ ಅಲ್ಲಿರಬಹುದು. ಇಪ್ಪತ್ತೈದು ವರ್ಷ ಸಂಜೆಗಳನ್ನು ಸ್ನೂಕರ್ ಟೇಬಲ್ಲಿನ ಸುತ್ತ ಕಳೆದ ನಾನು ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಕಣ್ಣಾರೆ ಕಂಡವನಲ್ಲ. ಜಗತ್ತಿನ ಅತಿ ಸಮರ್ಥ ಆಟಗಾರರು ಜುಲೈ 5ರಿಂದ 9ರವರೆಗೆ ಐದು ದಿನ ಇಷ್ಟು ಹತ್ತಿರಕ್ಕೆ ಬಂದು ಆಡಿ ಹೋಗಿದ್ದರು, ನಾನು ಆ ಐದೂ ದಿನ ಕಚೇರಿಯಲ್ಲಿ ತ್ರೈಮಾಸಿಕ ಲೆಕ್ಕ ತಾಳೆ ನೋಡುತ್ತ ಕುಳಿತಿದ್ದೆ. ರಜೆ ಸಿಗುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ನನಗೆ ವಿಷಯವೇ ಗೊತ್ತಿರಲಿಲ್ಲ.

ಅಂದು ಸಂಜೆ ಕ್ಲಬ್ಬಿಗೆ ಹೋದಾಗ ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದೆ. ನಮ್ಮ ಕ್ಲಬ್ಬಿನ ಟೇಬಲ್ಲು ನಿಜಾಮರ ಕಾಲದ್ದೆಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಯಾರೂ ಈವರೆಗೆ ಕಾಗದ ತೋರಿಸಿಲ್ಲ, ಲೆಕ್ಕಪತ್ರ ಶಾಖೆಯಲ್ಲಿ ಕೂದಲು ಬೆಳ್ಳಗಾದ ನನಗೆ ಕಾಗದವಿಲ್ಲದ್ದನ್ನು ನಂಬುವುದು ಕಷ್ಟ. ಆದರೆ ಆ ಟೇಬಲ್ಲಿನಷ್ಟೇ ಹಳಬರೆನ್ನಿಸುವ ಒಬ್ಬರು ಅಲ್ಲಿದ್ದರು. ಅವರನ್ನು ಎಲ್ಲರೂ ಮಾರ್ಕರ್ ಚಾಚಾ ಎಂದೇ ಕರೆಯುತ್ತಿದ್ದೆವು. ಗೋಡೆಯ ಮರದ ಬೋರ್ಡಿನಲ್ಲಿ ಅಂಕದ ಮುಳ್ಳು ಸರಿಸುವುದು, ಪಾಕೆಟ್ಟಿಗೆ ಬಿದ್ದ ಬಣ್ಣದ ಚೆಂಡುಗಳನ್ನು ತೆಗೆದು ಅವುಗಳ ಜಾಗದಲ್ಲಿ ಮತ್ತೆ ಇಡುವುದು, ಕ್ಯೂವಿನ ತುದಿಗೆ ಹೊಸ ಟಿಪ್ ಅಂಟಿಸುವುದು, ಹಸಿರು ಬಟ್ಟೆಯನ್ನು ಅದರ ಎಳೆ ಮಲಗಿದ ದಿಕ್ಕಿಗೇ ಬ್ರಷ್ ಮಾಡಿ ಹದವಾದ ಬಿಸಿಯಲ್ಲಿ ಇಸ್ತ್ರಿ ಎಳೆಯುವುದು, ಇವೆಲ್ಲ ಅವರ ಕೆಲಸ. ಇವೆಲ್ಲದರ ಜೊತೆಗೆ ವಹಿ ಬರೆಯುವುದು.

ಆ ವಹಿಯ ಬಗ್ಗೆ ಹೇಳಬೇಕು. ಫ್ರೇಮ್, ಅಂದರೆ ಒಂದು ಬಿಡಿ ಆಟ, ಸೋತವನು ಟೇಬಲ್ಲಿನ ಬಾಡಿಗೆ ಕೊಡಬೇಕೆನ್ನುವುದು ನಮ್ಮ ಕಡೆಯ ಸ್ನೂಕರ್ ಕೋಣೆಗಳಲ್ಲಿ ಹಿಂದಿನಿಂದ ನಡೆದುಬಂದ ನಿಯಮ. ನಮ್ಮ ಕ್ಲಬ್ಬಿನಲ್ಲಿ ಸದಸ್ಯರು ಸ್ಥಳದಲ್ಲೇ ದುಡ್ಡು ಕೊಡದೆ ತಿಂಗಳ ಕೊನೆಗೆ ಚುಕ್ತಾ ಮಾಡುತ್ತಿದ್ದುದರಿಂದ ಚಾಚಾ ಒಂದು ಉದ್ದನೆಯ ವಹಿಯಲ್ಲಿ ತಾರೀಖು, ಸೋತವನ ಹೆಸರು, ಮೊತ್ತ ಇಷ್ಟನ್ನು ಬರೆದಿಡುತ್ತಿದ್ದರು. ಹಣ ಬಂದ ದಿನ ಹೆಸರಿನ ಮೇಲೆ ಅಡ್ಡಗೆರೆ. ಗೆದ್ದವನ ಹೆಸರಿಗೆ ಆ ವಹಿಯಲ್ಲಿ ಅಂಕಣವೇ ಇರಲಿಲ್ಲ, ಅದನ್ನು ಬರೆಯುವ ಅಗತ್ಯವೂ ಇರಲಿಲ್ಲ. ಹೀಗಾಗಿ ಚಾಚಾ ಮೂವತ್ತು ವರ್ಷ ಬರೆದದ್ದು ಕಲಬುರಗಿಯ ಸ್ನೂಕರ್ ಸೋಲುಗಳ ಸಂಪೂರ್ಣ ದಾಖಲೆ. ಅದರಲ್ಲಿ ವಕೀಲರಿದ್ದಾರೆ, ತೊಗರಿ ವ್ಯಾಪಾರಿಗಳಿದ್ದಾರೆ, ಇಬ್ಬರು ತಹಶೀಲ್ದಾರರಿದ್ದಾರೆ, ನಾನಂತೂ ಪುಟಪುಟಕ್ಕೂ ಇದ್ದೇನೆ. ಈ ರೂಢಿಯಿಂದಲೋ ಏನೋ, ಯಾವ ಪಂದ್ಯದ ಸುದ್ದಿ ಹೇಳಿದರೂ ಚಾಚಾ ಕೇಳುತ್ತಿದ್ದುದು ಒಂದೇ ಪ್ರಶ್ನೆ.

“ಸೋತಾಂವ ಯಾರ್ರಿ?”

ಅಂದೂ ಅದನ್ನೇ ಕೇಳಿದರು. ಕೈರೆನ್ ವಿಲ್ಸನ್ ಎಂದೆ. ಹೆಸರನ್ನು ಎರಡು ಸಲ ಬಾಯಲ್ಲಿ ತಿರುವಿ ನೋಡಿ, ಆಮೇಲೆ ಟೂರ್ನಿ ನಡೆದದ್ದು ಎಲ್ಲಿ ಎಂದು ಕೇಳಿದರು. ಹೈದರಾಬಾದ್ ಎಂದಾಗ ಕೈಯಲ್ಲಿದ್ದ ಬ್ರಷ್ ನಿಂತಿತು. “ನಾ ಅಲ್ಲೇ ಇದ್ನೆಲ್ರಿ ಸಾಹೇಬ್ರ. ಈದಿಗಿ ಮಗಳ ಮನಿಗಿ ಹೋಗಿದ್ದೆ. ನಾಕ್ ದಿನ ಇದ್ದೆ, ಯಾರೂ ಹೇಳ್ಲಿಲ್ಲ ನೋಡ್ರಿ,” ಎಂದರು. ಆ ವರ್ಷ ರಂಜಾನ್ ಹಬ್ಬ ಬಿದ್ದದ್ದು ಜುಲೈ 7ರಂದು. ಒಂದೇ ಊರಿನಲ್ಲಿ, ಮೆಕ್‌ಗಿಲ್ ತಮ್ಮ ಜೀವನದ ಮೊದಲ ರ‍್ಯಾಂಕಿಂಗ್ ಪ್ರಶಸ್ತಿಯತ್ತ ಒಂದೊಂದೇ ಸುತ್ತು ದಾಟುತ್ತಿದ್ದಾಗ, ಇಡೀ ಆಯುಷ್ಯವನ್ನು ಈ ಆಟದ ಬದಿಯಲ್ಲಿ ನಿಂತೇ ಕಳೆದ ಚಾಚಾ ಮೊಮ್ಮಕ್ಕಳಿಗೆ ಈದಿಯ ನೋಟು ಹಂಚುತ್ತಿದ್ದರು.

ರ‍್ಯಾಂಕಿಂಗ್ ಟೂರ್ನಿ ಎಂದರೆ ಏನು ಎಂಬುದನ್ನು ನಮ್ಮ ಪತ್ರಿಕೆಗಳು ಸರಿಯಾಗಿ ಬಿಡಿಸಿ ಹೇಳಿದ್ದನ್ನು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವೃತ್ತಿಪರ ಸ್ನೂಕರ್ ಆಟಗಾರರ ಅಧಿಕೃತ ಶ್ರೇಯಾಂಕ ಪಟ್ಟಿ ಮೊದಲು ಹೊರಬಂದದ್ದು 1976ರಲ್ಲಿ. ಆಗ ಲೆಕ್ಕಕ್ಕೆ ಬಂದದ್ದು ಹಿಂದಿನ ಮೂರು ವಿಶ್ವ ಚಾಂಪಿಯನ್‌ಷಿಪ್‌ಗಳ ಫಲಿತಾಂಶ ಮಾತ್ರ, ಮೊದಲ ಸ್ಥಾನ ವೇಲ್ಸ್‌ನ ರೇ ರಿಯರ್ಡನ್ ಅವರದಾಗಿತ್ತು. ಮುಂದೆ ಬೇರೆ ಟೂರ್ನಿಗಳೂ ಸೇರುತ್ತ ಹೋದವು. ಯಾವ ಟೂರ್ನಿಯ ಫಲಿತಾಂಶ ಈ ಪಟ್ಟಿಗೆ ಜಮೆಯಾಗುತ್ತದೆಯೋ ಅದು ರ‍್ಯಾಂಕಿಂಗ್ ಟೂರ್ನಿ. ಉಳಿದವು ಎಷ್ಟೇ ಥಳಕಿನವಾದರೂ ಆಹ್ವಾನದ ಆಟ. 2014ರಲ್ಲಿ ಅಂಕಗಳನ್ನು ಕೈಬಿಟ್ಟು, ಆಟಗಾರ ಗೆದ್ದ ಬಹುಮಾನದ ಹಣವನ್ನೇ ಅಳತೆಗೋಲಾಗಿ ಮಾಡಿದರು. ಎರಡು ವರ್ಷಗಳ ಅವಧಿಯಲ್ಲಿ ರ‍್ಯಾಂಕಿಂಗ್ ಟೂರ್ನಿಗಳಿಂದ ಗಳಿಸಿದ ಪೌಂಡುಗಳ ಮೊತ್ತವೇ ಆಟಗಾರನ ಸ್ಥಾನವನ್ನು ನಿರ್ಧರಿಸುತ್ತದೆ. ಹೊಸ ಟೂರ್ನಿಯ ಹಣ ಜಮೆಯಾದಂತೆ ಎರಡು ವರ್ಷದ ಹಿಂದಿನ ಟೂರ್ನಿಯ ಹಣ ಪಟ್ಟಿಯಿಂದ ಉದುರಿಹೋಗುತ್ತದೆ. ಹೈದರಾಬಾದಿನಲ್ಲಿ ಮೆಕ್‌ಗಿಲ್ ಗೆದ್ದ 50,000 ಪೌಂಡು ಅವರ ಬ್ಯಾಂಕಿನಲ್ಲಿ ಉಳಿದಿರಬಹುದು. ಶ್ರೇಯಾಂಕದ ಖಾತೆಯಲ್ಲಿ ಅದು 2018ರ ಹೊತ್ತಿಗೆ ಸೊನ್ನೆ.

ಲೆಕ್ಕದವನ ಕಣ್ಣಿಗೆ ಇದು ಒಂದು ವಿಚಿತ್ರ ಖಾತೆ. ಆರಂಭಿಕ ಶಿಲ್ಕು ಎಂಬುದು ಇಲ್ಲಿ ಯಾವತ್ತೂ ಭದ್ರವಲ್ಲ. ಕಳೆದ ವರ್ಷಕ್ಕಿಂತ ಚೆನ್ನಾಗಿ ಆಡಿದವನೂ, ಅದಕ್ಕೂ ಹಿಂದಿನ ವರ್ಷದ ದೊಡ್ಡ ಗೆಲುವೊಂದು ಈ ವಾರ ಉದುರುತ್ತದೆ ಎಂಬ ಕಾರಣಕ್ಕೆ ಕೆಳಗಿಳಿಯಬಹುದು. ಮೊದಲ 16ರಲ್ಲಿದ್ದವರಿಗೆ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರಿನಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಷಿಪ್‌ಗೆ ನೇರ ಪ್ರವೇಶ. ಮೊದಲ 64ರಲ್ಲಿದ್ದವರ ವೃತ್ತಿಪರ ಕಾರ್ಡು, ಅಂದರೆ ಈ ಟೂರ್ನಿಗಳಲ್ಲಿ ಆಡುವ ಪರವಾನಗಿ, ಉಳಿಯುತ್ತದೆ. ಅದಕ್ಕಿಂತ ಕೆಳಗಿದ್ದು ಕಾರ್ಡಿನ ಎರಡು ವರ್ಷ ಮುಗಿಸಿದವರು ಸಾಮಾನ್ಯವಾಗಿ ಮತ್ತೆ ಅರ್ಹತಾ ಶಾಲೆಯ ಬಾಗಿಲಲ್ಲಿ ಸಾಲು ನಿಲ್ಲಬೇಕು. ಹಣವೇ ಅಂಕವಾದ ಮೇಲೆ ಟೂರ್ನಿಗಳ ತೂಕವೂ ತೀರ ಏರುಪೇರಾಯಿತು. ವಿಶ್ವ ಚಾಂಪಿಯನ್ನನಿಗೆ ಸಿಗುವುದು 5,00,000 ಪೌಂಡು, ಅಂದರೆ ಹತ್ತು ಇಂಡಿಯನ್ ಓಪನ್‌ಗಳ ಗೆಲುವಿನಷ್ಟು. ಬೆಟ್ಟಿಂಗ್ ಪ್ರಕರಣದಲ್ಲಿ 20 ತಿಂಗಳ ನಿಷೇಧ ಅನುಭವಿಸಿ ಬಂದಿದ್ದ ಚೀನಾದ ಝಾವೊ ಷಿನ್‌ಟಾಂಗ್ 2025ರ ಮೇ ತಿಂಗಳಲ್ಲಿ, ವೃತ್ತಿಪರ ಕಾರ್ಡೇ ಇಲ್ಲದ ಹವ್ಯಾಸಿಯಾಗಿ ಅರ್ಹತಾ ಸುತ್ತುಗಳಿಂದ ಏರಿ ಬಂದು, ಫೈನಲ್‌ನಲ್ಲಿ 50 ವರ್ಷದ ಮಾರ್ಕ್ ವಿಲಿಯಮ್ಸ್ ಅವರನ್ನು 18–12ರಿಂದ ಸೋಲಿಸಿದಾಗ, ಆ ಒಂದೇ ಟೂರ್ನಿಯ ಬಲದಿಂದ ವಿಶ್ವದ 11ನೇ ಸ್ಥಾನಕ್ಕೆ ಬಂದು ಕುಳಿತರು. ಇದು ಸರಿಯೇ ಎಂದು ಯಾರಾದರೂ ಕೇಳಿದರೆ, ಅಳತೆಗೋಲು ಒರಟಾಗಿದೆ, ಆದರೆ ಅಳೆದದ್ದು ಸುಳ್ಳಲ್ಲ ಎನ್ನುತ್ತೇನೆ. ಹತ್ತು ನಿಮಿಷದ ಒಂದೇ ಫ್ರೇಮಿನಲ್ಲಿ ಪಂದ್ಯ ಮುಗಿಸುವ ಷೂಟ್ ಔಟ್ ಎಂಬ ಟೂರ್ನಿಯನ್ನೂ 2017ರಿಂದ ರ‍್ಯಾಂಕಿಂಗ್‌ಗೆ ಸೇರಿಸಿದ್ದು ಮಾತ್ರ ನನಗೆ ಈಗಲೂ ಒಪ್ಪಿಗೆಯಿಲ್ಲ. ಹೊಡೆತಕ್ಕೆ 15 ಸೆಕೆಂಡು, ಕೊನೆಯ ಐದು ನಿಮಿಷದಲ್ಲಿ 10 ಸೆಕೆಂಡು; ಅದು ಸ್ನೂಕರ್ ಅಲ್ಲ, ಸ್ನೂಕರ್ ಟೇಬಲ್ಲಿನ ಮೇಲೆ ನಡೆಯುವ ಬೇರೊಂದು ಗಲಾಟೆ. ರ‍್ಯಾಂಕಿಂಗ್ ಆದ ಮೊದಲ ವರ್ಷವೇ ಅದನ್ನು ಗೆದ್ದವರು ಇದೇ ಆಂಟನಿ ಮೆಕ್‌ಗಿಲ್ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ಚಾಚಾನ ಪ್ರಶ್ನೆ ತಲೆಯಲ್ಲಿ ಹೊಕ್ಕ ಮೇಲೆ ನಾನು ಫಲಿತಾಂಶದ ಪಟ್ಟಿಗಳನ್ನು ಕೆಳಗಿನಿಂದ ಓದಲು ಕಲಿತೆ. ನಾಕೌಟ್ ಟೂರ್ನಿಯ ಗಣಿತ ಬಹಳ ಸರಳ. 128 ಮಂದಿ ಆಡಿದರೆ 127 ಪಂದ್ಯ, ಪ್ರತಿ ಪಂದ್ಯಕ್ಕೂ ಒಬ್ಬ ಸೋತವನು, ಹಾಗಾಗಿ 127 ಮಂದಿ ತಲಾ ಒಂದೇ ಸಲ ಸೋಲುತ್ತಾರೆ. ಇಂಡಿಯನ್ ಓಪನ್‌ನ ಅರ್ಹತಾ ಸುತ್ತು ನಡೆಯುತ್ತಿದ್ದುದು ಇಂಗ್ಲೆಂಡಿನಲ್ಲಿ. ಅಲ್ಲಿ ಸೋತವರು ಭಾರತದ ವಿಮಾನವನ್ನೇ ಹತ್ತಲಿಲ್ಲ. ಅವರು ಸೋತ ಕೋಣೆಯಲ್ಲಿ ಒಂದು ಟೇಬಲ್ಲು, ಒಬ್ಬ ರೆಫರಿ, ಬೆರಳೆಣಿಕೆಯ ಪ್ರೇಕ್ಷಕರು ಇದ್ದಿರಬಹುದು. ನಮ್ಮ ಕ್ಲಬ್ಬಿನಲ್ಲಿ ಸೋತವನು ಬಾಡಿಗೆ ಕೊಡುತ್ತಾನೆ. ವೃತ್ತಿಪರ ಆಟದಲ್ಲಿ ಹಾಗೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಮೊದಲ ಸುತ್ತಿನಲ್ಲೇ ಸೋತವನ ರೈಲು ಖರ್ಚು, ವಸತಿ ಎರಡೂ ಅವನದೇ ಮೈಮೇಲೆ. ನೂರರ ಆಚೆಯ ಶ್ರೇಯಾಂಕದ ಆಟಗಾರನೊಬ್ಬ ಆಟ ಬಿಟ್ಟು ಬೇರೆ ಕೆಲಸ ಹಿಡಿದ ಸುದ್ದಿ ಓದಿದಾಗಲೆಲ್ಲ ನನಗೆ ಆ ವಹಿಯ ನೆನಪಾಗುತ್ತದೆ.

ಇಂಡಿಯನ್ ಓಪನ್ ನಡೆದದ್ದು ಐದೇ ಸಲ. 2013ರಲ್ಲಿ ದೆಹಲಿ, 2015ರ ಮಾರ್ಚ್‌ನಲ್ಲಿ ಮುಂಬೈ, 2016ರಲ್ಲಿ ಹೈದರಾಬಾದ್, 2017ರಲ್ಲಿ ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ. ಅಲ್ಲಿಂದೀಚೆಗೆ ಅದು ಮರಳಿ ಬಂದಿಲ್ಲ. ಗೆದ್ದವರ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ: ಡಿಂಗ್ ಜುನ್‌ಹುಯಿ, ಮೈಕಲ್ ವೈಟ್, ಮೆಕ್‌ಗಿಲ್, ಜಾನ್ ಹಿಗ್ಗಿನ್ಸ್, ಮ್ಯಾಥ್ಯೂ ಸೆಲ್ಟ್. ಚಾಚಾನ ಪದ್ಧತಿಯಲ್ಲಿ ಬರೆದರೆ ವಹಿ ಬೇರೆಯಾಗುತ್ತದೆ: ಆದಿತ್ಯ ಮೆಹ್ತಾ, ರಿಕಿ ವಾಲ್ಡೆನ್, ವಿಲ್ಸನ್, ಮೆಕ್‌ಗಿಲ್, ಲ್ಯು ಹಾವ್ಟಿಯೆನ್. ಎರಡೂ ಪಟ್ಟಿಯಲ್ಲಿ ಇರುವವರು ಮೆಕ್‌ಗಿಲ್ ಒಬ್ಬರೇ. ಹೈದರಾಬಾದಿನಲ್ಲಿ ಗೆದ್ದು, ಮರುವರ್ಷ ವಿಶಾಖಪಟ್ಟಣದಲ್ಲಿ ಮತ್ತೆ ಫೈನಲ್‌ವರೆಗೆ ಬಂದು, ಹಿಗ್ಗಿನ್ಸ್ ಎದುರು 1–5ರಿಂದ ಸೋತರು.

ಮೊದಲ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. 2013ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆದಿತ್ಯ ಮೆಹ್ತಾ ಸೆಮಿಫೈನಲ್‌ನಲ್ಲಿ ಸ್ಟೀಫನ್ ಮಗ್ವಾಯರ್ ಅವರನ್ನು ಸೋಲಿಸಿ, ರ‍್ಯಾಂಕಿಂಗ್ ಟೂರ್ನಿಯೊಂದರ ಫೈನಲ್ ತಲುಪಿದ ಮೊದಲ ಭಾರತೀಯರಾದರು. ಫೈನಲ್‌ನಲ್ಲಿ ಡಿಂಗ್ ಅವರೆದುರು 0–5. ಆ ಶರದೃತುವಿನಲ್ಲಿ ಡಿಂಗ್ ಶಾಂಘೈ, ದೆಹಲಿ, ಚೆಂಗ್ಡುಗಳಲ್ಲಿ ಸತತ ಮೂರು ರ‍್ಯಾಂಕಿಂಗ್ ಟೂರ್ನಿಗಳನ್ನು ಗೆದ್ದರು. 1990ರಲ್ಲಿ ಸ್ಟೀಫನ್ ಹೆಂಡ್ರಿ ಅವರ ನಂತರ ಯಾರಿಗೂ ಆಗದಿದ್ದ ಕೆಲಸ ಅದು. ಅಂಥ ಓಟದ ನಡುವೆ ಸಿಕ್ಕಿಬಿದ್ದವನ 0–5ನ್ನು ಬರಿಯ ಅಂಕಿಯಾಗಿ ಓದಿದರೆ ಮೆಹ್ತಾ ಅಲ್ಲಿಗೆ ಹೇಗೆ ಬಂದರು ಎಂಬುದು ಮರೆತುಹೋಗುತ್ತದೆ. ಆ ಪಟ್ಟಿಯಲ್ಲಿ ಭಾರತೀಯರ ಹೆಸರು ಎಷ್ಟು ವಿರಳವೆಂದರೆ, 2024ರಲ್ಲಿ ಮುಂಬೈನ ಇಷ್‌ಪ್ರೀತ್ ಸಿಂಗ್ ಛಡ್ಡಾ ಇಂಗ್ಲಿಷ್ ಓಪನ್‌ನ ಸೆಮಿಫೈನಲ್ ತಲುಪಿದ್ದೇ ನಮಗೆ ಹಬ್ಬವಾಯಿತು.

ಇಲ್ಲಿ ಓದುಗರು ಪಂಕಜ್ ಅಡ್ವಾಣಿ ಅವರ ಹೆಸರೆತ್ತುತ್ತಾರೆ ಎಂದು ಗೊತ್ತು. ಬೆಂಗಳೂರಿನಲ್ಲಿ ಬೆಳೆದು, 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್ನಿನ (ಐಬಿಎಸ್‌ಎಫ್) ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ಅವರು ಗೆದ್ದ ವಿಶ್ವ ಪ್ರಶಸ್ತಿಗಳು ಇಪ್ಪತ್ತೈದನ್ನು ದಾಟಿವೆ. ಆದರೆ ಐಬಿಎಸ್‌ಎಫ್‌ನ ಸ್ನೂಕರ್ ಪ್ರಶಸ್ತಿ ಹವ್ಯಾಸಿ ವಿಭಾಗದ್ದು, ಕ್ರೂಸಿಬಲ್‌ನದು ವೃತ್ತಿಪರರದು. ನಮ್ಮ ಸುದ್ದಿಮನೆಗಳು ಎರಡನ್ನೂ ‘ವಿಶ್ವ ಸ್ನೂಕರ್ ಚಾಂಪಿಯನ್’ ಎಂಬ ಒಂದೇ ತಲೆಬರಹದಡಿ ತಳ್ಳಿಬಿಡುವುದರಿಂದ, ರ‍್ಯಾಂಕಿಂಗ್ ಟೂರ್ನಿಯ ಮೂರು ಸಾಲು ಯಾಕೆ ದೊಡ್ಡ ಸುದ್ದಿ ಎಂಬುದೇ ಓದುಗನಿಗೆ ತಿಳಿಯದೆ ಹೋಗುತ್ತದೆ. ಅಡ್ವಾಣಿ 2012ರಲ್ಲಿ ವೃತ್ತಿಪರ ಸರ್ಕೀಟಿಗೆ ಹೋದರು, ಅಲ್ಲಿ ಒಳ್ಳೆಯ ಗೆಲುವುಗಳನ್ನೂ ಕಂಡರು, 2014ರಲ್ಲಿ ಕಾರ್ಡನ್ನು ಬಿಟ್ಟು ಮನೆಗೆ ಮರಳಿದರು. ಇದನ್ನು ಕೆಲವರು ಹಿಂಜರಿಕೆ ಎನ್ನುತ್ತಾರೆ. ವರ್ಷದ ಬಹುಪಾಲು ಇಂಗ್ಲೆಂಡಿನ ಬಾಡಿಗೆ ಕೋಣೆಯಲ್ಲಿ ಕಳೆಯಬೇಕಾದ ಬದುಕನ್ನು ಕಲಬುರಗಿಯ ಮನೆಯ ಅಂಗಳದಲ್ಲಿ ಕುಳಿತು ಹಿಂಜರಿಕೆ ಎನ್ನುವುದು ಸುಲಭ. ಹಾಗೆಯೇ, 1875ರಲ್ಲಿ ಜಬಲ್‌ಪುರದ ಸೈನಿಕರ ಮೆಸ್ಸಿನಲ್ಲಿ ಈ ಆಟ ಹುಟ್ಟಿತು, ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು ಎಂದು ಎದೆಯುಬ್ಬಿಸುವುದೂ ಸುಲಭ. ಆ ಹೆಮ್ಮೆಗೆ ನಾವು ಒಂದು ಪೈಸೆಯನ್ನೂ ಕೊಟ್ಟಿಲ್ಲ.

ಟೇಬಲ್ಲಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವನಾಗಿ ನನಗೊಂದು ಸಣ್ಣ ಅಸಮಾಧಾನವಿದೆ. 12 ಅಡಿ ಉದ್ದ, 6 ಅಡಿ ಅಗಲದ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗೆ ಐದು ಕಲ್ಲಿನ ಹಾಸುಗಳಿರುತ್ತವೆ. ಅದರಿಂದಾಗಿಯೇ ಅದು ಒಂದು ಟನ್ನಿಗೂ ಮಿಕ್ಕಿ ತೂಗುತ್ತದೆ, ಒಮ್ಮೆ ನೆಟ್ಟ ಮೇಲೆ ಅಲುಗುವುದಿಲ್ಲ. ಆ ಕಲ್ಲು ನಮ್ಮ ಶಹಾಬಾದಿನ ಪರ್ಶಿಯೇ ಎಂದು ಚಾಚಾ ದೃಢವಾಗಿ ನಂಬಿದ್ದರು, ನಾನೂ ಬಹಳ ವರ್ಷ ನಂಬಿದ್ದೆ. ಆದರೆ ಶಹಾಬಾದಿನದು ಸುಣ್ಣಕಲ್ಲು, ಟೇಬಲ್ಲಿಗೆ ಬೇಕಾದದ್ದು ಸ್ಲೇಟು. ಒಳ್ಳೆಯ ಟೇಬಲ್ಲುಗಳಿಗೆ ಅದು ಇಟಲಿಯಿಂದ ಬರುತ್ತದೆ. ಅರ್ಧ ದಕ್ಷಿಣ ಭಾರತದ ನೆಲಕ್ಕೆ ಹಾಸಾದ ಕಲ್ಲು ಈ ಒಂದು ಹಾಸಿಗೆಗೆ ಒದಗಲಿಲ್ಲ. ಬಟ್ಟೆಯೂ ಹವೆಗೆ ತಕ್ಕಂತೆ ಬದಲಾಗುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ಅದು ಒಣಗಿ ಚೆಂಡು ಸರಸರ ಓಡುತ್ತದೆ, ಮಳೆಗಾಲದಲ್ಲಿ ಅದೇ ಹೊಡೆತಕ್ಕೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ವೃತ್ತಿಪರ ಟೂರ್ನಿಗಳಲ್ಲಿ ಟೇಬಲ್ಲಿನ ಅಡಿಯಲ್ಲಿ ವಿದ್ಯುತ್ ಕಾವು ಕೊಟ್ಟು ಬಟ್ಟೆಯನ್ನು ಸದಾ ಒಣದಾಗಿ ಇಟ್ಟಿರುತ್ತಾರೆ. ಇದನ್ನು ಹೇಳಿದಾಗ ಚಾಚಾ ನಕ್ಕರು: “ನಮ್ಮೂರಾಗ ಮ್ಯಾಲಿಂದ ಕೊಡ್ತಾನ್ರಿ, ಬಿಲ್ ಇಲ್ದ.”

ಮತ್ತೆ ಆ 5–2ಕ್ಕೆ ಬರುತ್ತೇನೆ. ಅದು ಒಂಬತ್ತು ಫ್ರೇಮ್‌ಗಳ ಫೈನಲ್. ಐದು ಮೊದಲು ಗೆದ್ದವನು ವಿಜೇತ. ಫೈನಲ್‌ಗೆ ಮೊದಲಿನ ಸುತ್ತುಗಳಂತೂ ಏಳು ಫ್ರೇಮ್‌ಗಳವು. ಇಷ್ಟು ಗಿಡ್ಡ ಪಂದ್ಯದಲ್ಲಿ ಒಂದು ಕೆಟ್ಟ ಅರ್ಧ ತಾಸು ಸಾಕು, ಸಾವರಿಸಿಕೊಳ್ಳುವಷ್ಟರಲ್ಲಿ ಕೈಕುಲುಕುವ ಹೊತ್ತು ಬಂದಿರುತ್ತದೆ. ಕ್ರೂಸಿಬಲ್‌ನಲ್ಲಿ ಮೊದಲ ಸುತ್ತೇ 19 ಫ್ರೇಮ್, ಸೆಮಿಫೈನಲ್ 33, ಫೈನಲ್ 35. ಅಲ್ಲಿ ಆಟಗಾರನ ಕೈ ಮಾತ್ರವಲ್ಲ, ಬೆನ್ನು, ನಿದ್ದೆ, ಹಸಿವು ಎಲ್ಲವೂ ಆಡುತ್ತವೆ. ಹೈದರಾಬಾದಿನ ಫೈನಲ್ ಆಡಿದ ಇಬ್ಬರೂ ನಾಲ್ಕು ವರ್ಷದ ನಂತರ ಅಲ್ಲಿಯೇ, ಆ 33 ಫ್ರೇಮ್‌ಗಳ ಸೆಮಿಫೈನಲ್‌ನಲ್ಲಿ ಎದುರಾದರು.

ಅದು 2020. ದೇಶದ ಮೊದಲ ಕೊರೊನಾ ಸಾವು ಆ ಮಾರ್ಚ್‌ನಲ್ಲಿ ನಮ್ಮ ಊರಿನಲ್ಲೇ ಆಗಿತ್ತು. ಕ್ಲಬ್ಬಿಗೆ ಬೀಗ ಬಿದ್ದು, ಟೇಬಲ್ಲಿನ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನು ತಿಂಗಳುಗಟ್ಟಲೆ ಯಾರೂ ಸರಿಸಿರಲಿಲ್ಲ. ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ವಿಶ್ವ ಚಾಂಪಿಯನ್‌ಷಿಪ್ ಜುಲೈ ಕೊನೆಗೆ ಸರಿದು, ಆಗಸ್ಟ್ 14ರಂದು ಮೆಕ್‌ಗಿಲ್ ಮತ್ತು ವಿಲ್ಸನ್ ಖಾಲಿ ಕುರ್ಚಿಗಳ ನಡುವೆ 16–16ಕ್ಕೆ ಬಂದು ನಿಂತರು. ನಾನು ಮಾಳಿಗೆಯ ಕೋಣೆಯಲ್ಲಿ ಮೊಬೈಲಿನ ಸಣ್ಣ ಪರದೆಯ ಮೇಲೆ ಅದನ್ನು ನೋಡುತ್ತಿದ್ದೆ. ಕೊನೆಯ ಫ್ರೇಮ್ ಒಂದು ತಾಸಿನಷ್ಟು ನಡೆಯಿತು. ಮೆಕ್‌ಗಿಲ್ ಒಂದು ಬಿಗಿಯಾದ ಸ್ನೂಕರ್‌ಗೆ ಸಿಕ್ಕರು: ಬಿಳಿ ಚೆಂಡಿಗೂ ಹೊಡೆಯಬೇಕಾದ ಕೆಂಪಿಗೂ ನಡುವೆ ದಾರಿಯೇ ಇಲ್ಲ. ಕುಶನ್‌ಗೆ ಬಡಿದು ಸುತ್ತಿ ಬರಲು ಯತ್ನಿಸಿದರು, ತಪ್ಪಿತು. ನಿಯಮದಂತೆ ಎದುರಾಳಿಗೆ ಕನಿಷ್ಠ ನಾಲ್ಕು ಅಂಕ ದಂಡ, ಜೊತೆಗೆ ಚೆಂಡುಗಳನ್ನು ಇದ್ದಲ್ಲಿಗೇ ಇಟ್ಟು ಮತ್ತೆ ಹೊಡೆಸುವ ಹಕ್ಕು. ಮತ್ತೆ ಹೊಡೆದರು, ಮತ್ತೆ ತಪ್ಪಿತು. ದಂಡದ ಮೇಲೆ ದಂಡ ಬಿದ್ದು ಫ್ರೇಮ್ ಕೈಜಾರುತ್ತಿದ್ದಂತೆಯೇ ಆಟ ಮತ್ತೆ ತಿರುಗಿತು, ಈ ಸಲ ವಿಲ್ಸನ್ ದಂಡ ತೆತ್ತರು. ಕೊನೆಗೆ ಕೆಲವೇ ಚೆಂಡು ಉಳಿದಾಗ ವಿಲ್ಸನ್ ಹೊಡೆದ ಹಸಿರು ಚೆಂಡು, ಅವರು ಎಣಿಸದೇ ಇದ್ದ ಪಾಕೆಟ್ಟಿಗೆ ತಾನಾಗಿ ಹೋಗಿ ಬಿತ್ತು. ಶುದ್ಧ ಅದೃಷ್ಟ. 103–83ರಿಂದ ಫ್ರೇಮ್, 17–16ರಿಂದ ಪಂದ್ಯ ವಿಲ್ಸನ್ ಅವರದಾಯಿತು.

ಟೇಬಲ್ಲಿನ ಮೇಲಿರುವ ಎಲ್ಲ ಚೆಂಡುಗಳನ್ನೂ ಅತಿ ಹೆಚ್ಚಿನ ಬೆಲೆಗೆ ಕೂಡಿದರೂ ಒಂದು ಫ್ರೇಮಿನಲ್ಲಿ ಸಿಗುವುದು 147. ಒಂದೊಂದು ಅಂಕದ ಹದಿನೈದು ಕೆಂಪಿನ ಜೊತೆಗೂ ಏಳರ ಕಪ್ಪನ್ನೇ ಹಾಕಿದರೆ 120, ಆಮೇಲೆ ಆರು ಬಣ್ಣಗಳ 27. ಆ ಫ್ರೇಮಿನಲ್ಲಿ ಇಬ್ಬರ ಅಂಕ ಕೂಡಿದರೆ 186. ಹೆಚ್ಚುವರಿ ಬಂದದ್ದೆಲ್ಲ ಒಬ್ಬರ ತಪ್ಪು ಇನ್ನೊಬ್ಬರ ಖಾತೆಗೆ ಜಮೆಯಾದದ್ದು. ಗೆದ್ದ ವಿಲ್ಸನ್ ಕಣ್ಣೊರೆಸಿಕೊಳ್ಳುತ್ತ ಎದುರಾಳಿಯ ಕ್ಷಮೆ ಕೇಳಿದರು; ಗೆದ್ದವನು ಅಳುವುದನ್ನೂ ಸೋತವನು ನೆಟ್ಟಗೆ ನಿಂತಿರುವುದನ್ನೂ ನಾನು ಅಂದು ಒಂದೇ ಚೌಕಟ್ಟಿನಲ್ಲಿ ಕಂಡೆ. ಚಾಚಾನಿಗೆ ಫೋನ್ ಮಾಡಿದೆ. ಪ್ರಶ್ನೆ ಬಂತು, ಉತ್ತರ ಕೊಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ಮೆಕ್‌ಗಿಲ್ ಅಂದ್ರ, ನಮ್ಮ ಹೈದರಾಬಾದ್ ಗೆದ್ದಾಂವ ಹೌದಲ್ರಿ?” ಎಂದರು.

ತಾವು ನೋಡದ, ನಾನೂ ನೋಡದ ಆ ಫೈನಲ್ಲನ್ನು ಅವರು ‘ನಮ್ಮ’ ಎಂದರು. ವಿಲ್ಸನ್ ಆ ಸಲ ಫೈನಲ್‌ನಲ್ಲಿ ರಾನಿ ಒ’ಸುಲಿವನ್ ಎದುರು 8–18ರಿಂದ ಸೋತರು. ಅದನ್ನು ಹೇಳಲು ಮಾಡಿದ ಫೋನಿನಲ್ಲಿ ಚಾಚಾ, ಕ್ಲಬ್ ತೆರೆದರೂ ತಾನಿನ್ನು ಬರುವುದಿಲ್ಲ, ಮೊಣಕಾಲು ಸಾಕಾಗಿದೆ ಎಂದು ತಿಳಿಸಿದರು.

2024ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಮುಗಿದದ್ದು ಮೇ 6ರ ರಾತ್ರಿ, ನಮ್ಮ ಗಡಿಯಾರದಲ್ಲಿ 7ರ ನಸುಕು. ಬೆಳಗಾದರೆ ಕಲಬುರಗಿಯಲ್ಲಿ ಲೋಕಸಭೆಯ ಮತದಾನ. ನಿದ್ದೆಗೆಟ್ಟ ಕಣ್ಣಿನಲ್ಲೇ, ಬಿಸಿಲೇರುವ ಮುನ್ನ ಸಾಲಿನಲ್ಲಿ ನಿಂತು ಮತ ಹಾಕಿ, ಅಲ್ಲಿಂದ ನೇರವಾಗಿ ದರ್ಗಾದ ಬದಿಯ ಓಣಿಯಲ್ಲಿರುವ ಚಾಚಾನ ಮನೆಗೆ ಹೋದೆ. ಅವರು ಹೊರಸಿನ ಮೇಲೆ ಕುಳಿತಿದ್ದರು. ನನ್ನ ಎಡಗೈಯ ತೋರುಬೆರಳನ್ನು ಹಿಡಿದು ನೋಡಿ, “ಬ್ರಿಜ್ ಬೆರಳಿಗೇ ಮಸಿ ಹಚ್ಯಾರಲ್ರಿ,” ಎಂದು ನಕ್ಕರು. ಹೊಡೆಯುವಾಗ ಕ್ಯೂ ಒರಗುವ ಬೆರಳು ಅದು. ಸುದ್ದಿ ಹೇಳಿದೆ. ಸೋತವನು ಜ್ಯಾಕ್ ಜೋನ್ಸ್, ವೇಲ್ಸಿನವನು. ಅಲ್ಲಿಯವರೆಗೆ ಯಾವ ರ‍್ಯಾಂಕಿಂಗ್ ಟೂರ್ನಿಯ ಫೈನಲ್ಲನ್ನೂ ಕಾಣದವನು. ಅರ್ಹತಾ ಸುತ್ತಿನಿಂದ ಏರಿ ಬಂದು, ಫೈನಲ್‌ನಲ್ಲಿ 0–7ಕ್ಕೆ ಕುಸಿದ ಮೇಲೂ ಬಿಡದೆ ಹೋರಾಡಿ 14–18ರವರೆಗೆ ಎಳೆದವನು. ಚಾಚಾ ತಲೆಯಾಡಿಸಿದರು. ಗೆದ್ದವರು ಯಾರೆಂದು ಅವರು ಕೇಳಲಿಲ್ಲ, ನಾನೇ ಹೇಳಬೇಕಾಯಿತು: ಕೈರೆನ್ ವಿಲ್ಸನ್. ಅವರಿಗೆ ಆ ಹೆಸರು ಕೂಡಲೇ ಹತ್ತಲಿಲ್ಲ. ಹೈದರಾಬಾದಿನಲ್ಲಿ ಸೋತವನು ಎಂದಾಗ, “ಹಾಂ, ಆಂವ,” ಎಂದರು.

ಆಮೇಲೆ ಒಳಗೆ ಹೋಗಿ, ಟ್ರಂಕಿನಲ್ಲಿಟ್ಟಿದ್ದ ವಹಿಗಳಲ್ಲಿ ಒಂದನ್ನು ತಂದು ನನ್ನ ಮುಂದಿಟ್ಟರು. ಕ್ಲಬ್ಬಿನಲ್ಲಿ ಯಾರೂ ಕೇಳದ್ದರಿಂದ ಮನೆಗೆ ತಂದಿದ್ದರಂತೆ. ಪುಟಗಳ ಅಂಚು ಇಲಿ ಕಡಿದು ಹೋಗಿತ್ತು. ತಿರುವುತ್ತ ಹೋದಂತೆ ಸಾಲುಸಾಲಾಗಿ ಅಡ್ಡಗೆರೆ ಎಳೆದ ಹೆಸರುಗಳು. ಆ ಹೆಸರಿನವರಲ್ಲಿ ಎಷ್ಟೋ ಮಂದಿ ಈಗ ಇಲ್ಲ. 1998ರ ಆಗಸ್ಟ್ ತಿಂಗಳ ಪುಟದ ಕೆಳಗೆ ನನ್ನ ಹೆಸರಿತ್ತು, ಎದುರಿಗೆ ಎಂಟು ರೂಪಾಯಿ, ಗೆರೆ ಇರಲಿಲ್ಲ. ಆ ತಿಂಗಳು ನನಗೆ ಯಾದಗಿರಿಗೆ ವರ್ಗವಾಗಿತ್ತು, ಚುಕ್ತಾ ಮಾಡದೆ ಹೊರಟುಹೋಗಿದ್ದೆನೇನೋ. ಅಂದು ಯಾರೆದುರು ಸೋತೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ, ವಹಿಯಲ್ಲಿ ಅದು ಇರಲು ಸಾಧ್ಯವೂ ಇರಲಿಲ್ಲ. ಕಿಸೆಯಿಂದ ಹತ್ತರ ನೋಟು ತೆಗೆದು ಕೊಟ್ಟೆ. ಚಾಚಾ ಬೇಡವೆನ್ನಲಿಲ್ಲ. ನೋಟನ್ನು ಮಡಚಿ ಇಟ್ಟುಕೊಂಡು, ಮೊಮ್ಮಗನ ಪಾಟಿಚೀಲದಿಂದ ಪೆನ್ನು ತರಿಸಿ, ಸ್ಕೇಲಿಲ್ಲದೆಯೇ ನೆಟ್ಟಗೆ ಒಂದು ಗೆರೆ ಎಳೆದರು. ಆಮೇಲೆ ಎರಡು ರೂಪಾಯಿ ಚಿಲ್ಲರೆಗಾಗಿ ದಿಂಬಿನ ಕೆಳಗೆ ಕೈಯಾಡಿಸತೊಡಗಿದರು.